ಎಡಗೈ ಅಳತೆ

ಶೋರೂಮಿನ ಹುಡುಗ ಗಾಜಿನ ಮೇಜಿನ ಮೇಲೆ
ಅಡುಗೆಮನೆಗಳ ಆಲ್ಬಮ್ ಬಿಚ್ಚಿದ.
ಮದುವೆ ಫೋಟೋಗಳ ಹಾಗೆ ಒಂದಕ್ಕಿಂತ ಒಂದು ಹೊಳಪು,
ಒಂದರಲ್ಲೂ ಒಗ್ಗರಣೆ ಸಿಡಿದ ಗುರುತಿಲ್ಲ.
"ಇದು ಎಲ್ ಶೇಪು, ಇದು ಯು, ಇದು ಐಲ್ಯಾಂಡು ಮೇಡಂ."
ದ್ವೀಪವೇ! ಮೂರು ದಿನಕ್ಕೊಮ್ಮೆ ನಲ್ಲಿ ಕೆಮ್ಮುವ
ನಮ್ಮ ನಿಟುವಳ್ಳಿಯ ಓಣಿಗೆ
ಸುತ್ತಲ ಸಮುದ್ರ ಯಾರು ತಂದು ಹೊಯ್ಯುತ್ತಾರಪ್ಪ?

ನಕ್ಕ. ತಿಪ್ಪೇಶಿ ಅಂತ ಹೆಸರು, ಒಳ್ಳೆಯ ಹುಡುಗ.
ಸಿಂಕು ಎಡಕ್ಕೆ, ಒಲೆ ಬಲಕ್ಕೆ, ನಡುವೆ ಹೆಚ್ಚುವ ಜಾಗ,
ಎಲ್ಲರ ಮನೆಯಲ್ಲೂ ಹೀಗೇ ಎಂದ.

ಎಲ್ಲರ ಮನೆ.
ಮೂವತ್ತೊಂದು ವರ್ಷ ಬೇಯಿಸಿದ್ದೇನೆ ಅಲ್ಲಿ.
ಎಡಚಿ ನಾನು.
ಬಡಿಸಲು ಬಲಗೈ, ಕಲಿತೆ.
ಅರಿಶಿನ ಕುಂಕುಮಕ್ಕೆ ಬಲಗೈ, ಅದನ್ನೂ ಕಲಿತೆ.
ಈಳಿಗೆಯ ಮುಂದೆ ಕೂತರೆ ಮಾತ್ರ ಬದನೆಕಾಯಿ
ಎಡಗೈಯನ್ನೇ ಕೇಳುತ್ತಿತ್ತು.
ಅತ್ತೆ ಬೈದವರಲ್ಲ,
ಅಡುಗೆಮನೆ ಬಾಗಿಲಿಗೆ ಒಂದು ಪರದೆ ಹಾಕಿಸಿದರು.
ಕಟ್ಟೆ ಮಾವನವರ ಎತ್ತರಕ್ಕಿತ್ತು.
ಅವರು ಅದರ ಮುಂದೆ ಒಮ್ಮೆಯೂ ನಿಂತವರಲ್ಲ;
ಕಟ್ಟುವ ದಿನ ಗಾರೆಯವನ ಪಕ್ಕ ನಿಂತಿದ್ದರಂತೆ.

ಹೊಲಿಗೆಯಲ್ಲೂ ಮೊದಮೊದಲು ಸೊಟ್ಟಗೆರೆಯೇ.
ಕೊನೆಗೆ ಚೌಕಿಪೇಟೆಯಲ್ಲಿ ಸಾಣೆ ಹಿಡಿಯುವ ಖಾದರಸಾಬರು
ಎಲ್ಲಿಂದಲೋ ಒಂದು ಎಡಗೈ ಕತ್ತರಿ ತರಿಸಿಕೊಟ್ಟರು.
ಬಟ್ಟೆ ಸೀದಾ ಗೆರೆ ಹಿಡಿದು ಹೋಯಿತು.
ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ.
ಇಷ್ಟು ದಿನ ಕೈಗೆ ಬೈದಿದ್ದೆನಲ್ಲ.

ಆ ಕತ್ತರಿ ದುಡಿದ ರವಿಕೆಗಳ ದುಡ್ಡು ಇದು.
ಕೊರಳಿನ ಟೇಪು ತೆಗೆದೆ. ಬರ್ಕೋ ತಿಪ್ಪೇಶಿ:

ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಕಟ್ಟೆ.
ಮೂವತ್ತೊಂದೂವರೆ. ನಿನ್ನ ಮೂವತ್ನಾಲ್ಕು ಹೊಡೆದುಹಾಕು.
ಸಿಂಕು ಬಲಕ್ಕೆ. ಒಲೆ ಎಡಕ್ಕೆ.
ರೊಟ್ಟಿ ಬಡಿಯುವಲ್ಲಿ ಇನ್ನೂ ಆರಿಂಚು ತಗ್ಗು,
ಹೆಗಲಿನ ಭಾರ ತಾನಾಗಿ ಅಂಗೈಗೆ ಇಳಿಯಬೇಕು;
ಕಡಪಾ ಕಲ್ಲೇ ಇರಲಿ, ರೊಟ್ಟಿ ಅದರ ಮೇಲೆ ತಿರುಗಬೇಕು,
ಸಪ್ಪಳ ಪಕ್ಕದ ಮನೆಗೆ ಕೇಳಿದರೆ ಕೇಳಲಿ.
ಮಂಡಕ್ಕಿಗೆ ಬಿಗಿಯಾಗಿ ಮುಚ್ಚುವ ಆಳದ ಡ್ರಾ,
ಮೆತ್ತಗಾದ ಮಂಡಕ್ಕಿ ಕೊಟ್ಟರೆ ದಾವಣಗೆರೆಯಲ್ಲಿ
ನೆಂಟರು ಎರಡು ತಲೆಮಾರು ಆಡಿಕೊಳ್ಳುತ್ತಾರೆ.
ನೀರಿನ ಡ್ರಮ್ಮಿಗೆ ಗಾಲಿ ಇರುವ ಹಲಗೆ.
ಶೇಂಗಾಪುಡಿ, ಗುರೆಳ್ಳುಪುಡಿ ಎಡಗೈ ಚಾಚಿದಲ್ಲಿ.
ಸಕ್ಕರೆ ಆ ತುದಿಗೆ, ಮೇಲಿನ ಕಪಾಟಿಗೆ;
ಸ್ಟೂಲು ಹತ್ತುವಾಗ ಡಾಕ್ಟರು ನೆನಪಾಗಲಿ.

"ಕಪಾಟಿಗೂ ಗೋಡೆಗೂ ಎರಡಿಂಚು ಬಿಡು."
"ಯಾಕ್ರೀ?"
"ಹೊಲಿಗೆಯೊಳಗೆ ಬಟ್ಟೆ ಬಿಡ್ತೀವಲ್ಲ, ನಾಳೆ ಬಿಚ್ಚೋಕೆ."
"ಜಿರಳೆ ಬರ್ತಾವ್ರೀ."
ಅದೂ ಸರಿ. ಆ ಸಾಲು ಹೊಡೆಸಿದೆ.

ಬಣ್ಣ ಯಾವುದು ಎಂದ, ಕೊನೆಗೆ, ಸ್ವಲ್ಪ ಸೋತು.
ಚೆಂದವೂ ಬೇಕು ನನಗೆ, ಬಿಟ್ಟೇನೆ?
ಕಂಕುಳು ಹಿಡಿಯುವ ರವಿಕೆಗೆ ಎಷ್ಟು ಜರಿ ಹಚ್ಚಿದರೂ ದಂಡ;
ಮೈಗೆ ಕೂತಿತೋ, ಆಗ ಜರಿ ಬೇಕೇ ಬೇಕು.
ಚೀಲದಿಂದ ಒಂದು ಚೂರು ಬಟ್ಟೆ ಎಳೆದು
ಗಾಜಿನ ಮೇಲಿಟ್ಟೆ: ಎಳೆ ಬದನೆಕಾಯಿಯ ನೇರಳೆ,
ಅಂಚಿಗೆ ತೊಟ್ಟಿನ ಹಸಿರು.
ತಿಪ್ಪೇಶಿ ಅದನ್ನು ಬೆಳಕಿಗೆ ಹಿಡಿದು
ಬಹಳ ಹೊತ್ತು ನೋಡಿದ.

ಹಾಲು ಉಕ್ಕಿಸಿದ ಮರುದಿನ ಬೆಳಿಗ್ಗೆ
ನಮ್ಮ ಯಜಮಾನರು ಚಹಾ ಮಾಡಲು ಒಳಗೆ ಹೋದರು.
ಲೈಟರಿಗೆ ಬಲಕ್ಕೆ ಕೈ ಚಾಚಿ ನಲ್ಲಿ ತಿರುಗಿಸಿದರು,
ಚಮಚದ ಡ್ರಾ ಎಂದು ಡ್ರಮ್ಮಿನ ಹಲಗೆ ಎಳೆದರು.
"ಏನೇ ಇದು, ಎಲ್ಲಾ ಉಲ್ಟಾ ಐತಲ್ಲ!"
"ರೂಢಿ ಆಗುತ್ತೆ ಬಿಡ್ರಿ," ಅಂದೆ.

ಬಾಗಿಲ ಬಳಿ ಸ್ಟೂಲು ಹತ್ತಿ ನಿಂತಿದ್ದೆ ನಾನು,
ಪರದೆಯ ಸರಳು ಕಿತ್ತ ಎರಡು ತೂತಿಗೆ
ಪುಟ್ಟಿ ಮೆತ್ತುತ್ತಾ,
ಎಡಗೈಯಲ್ಲಿ.